ಒಳ ಎಂಜಿನ್ ಬೋಟು ನಡೆದು ಬಂದ ದಾರಿ ಮತ್ತು ಹಳೇ ಬೋಟು ಕೊಳ್ಳುವ ವಿಚಾರ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಬೇಕು ಎಂದು ಸಂಪಾದಕ ಮಂಡಳಿಯವರು ಹೇಳಿ ಎರಡು ತಿಂಗಳಾಯಿತು. ಸಂಘ ಹುಟ್ಟಿದ್ದು ಹೇಗೆ, ಬೆಳೆದದ್ದು ಹೇಗೆ, ಠೇವಣಿ ಎಷ್ಟು, ಸಾಲ ಎಷ್ಟು ಎಂಬುದನ್ನೆಲ್ಲ ಮಾನ್ಯ ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆಯುತ್ತಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ಕೃಷಿಕ. ತೆಂಗು, ಗದ್ದೆ, ಎರಡು ಹಸು ಬಿಟ್ಟರೆ ನನ್ನದು ಅಂತ ಹೇಳುವ ವಿಷಯ ಇಲ್ಲ. ಕಡಲಿಗೆ ಹೋಗುವ ಮನೆಯವನೂ ಅಲ್ಲ. ಆದರೆ ಸಾಲ ಉಪಸಮಿತಿಯಲ್ಲಿ ಕೂತು ಕೂತು ಒಂದು ವಿಷಯದ ಮೇಲೆ ಕುತೂಹಲ ಹುಟ್ಟಿದೆ. ಅದು ಹಳೇ ಬೋಟು.

ಉಪಸಮಿತಿಯಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಅರ್ಜಿ ಅಂದರೆ ಹಳೇ ಬೋಟಿನದ್ದೇ. ಹಟ್ಟಿ ಕಟ್ಟಲಿಕ್ಕೆ, ಬಾವಿ ತೋಡಲಿಕ್ಕೆ ಸಾಲ ಕೇಳಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. "ಅಣ್ಣ, ಬೋಟು ಒಂದು ಕಡಿಮೆಗೆ ಬಂದದೆ, ಎಂಜಿನ್ ಗಟ್ಟಿ ಉಂಟು, ಈ ಸೀಸನ್ನಿಗೇ ಇಳಿಸಬಹುದು" ಅಂತ ಒಬ್ಬ ಹುಡುಗ ಬಂದರೆ ಮಧ್ಯಾಹ್ನದ ಊಟ ತಪ್ಪಿತು ಎಂದೇ ಅರ್ಥ. ಅವನನ್ನು ತಪ್ಪು ಎನ್ನುವ ಹಾಗಿಲ್ಲ. ಹೊಸ ಸ್ಟೀಲ್ ಬೋಟು ಈಗ ಕೋಟಿ ರೂಪಾಯಿಯ ಮಾತು. ಬೇರೆಯವರ ಬೋಟಿನಲ್ಲಿ ಹತ್ತಿಪ್ಪತ್ತು ವರ್ಷ ದುಡಿದವನು ಸ್ವಂತದ್ದು ಮಾಡಬೇಕಾದರೆ ಹಳೇ ಬೋಟು ಬಿಟ್ಟು ಬೇರೆ ದಾರಿ ಇಲ್ಲ. ಹೆಂಡತಿಯ ಚಿನ್ನ ಅಡವಿಗೆ ಹೋಗುತ್ತದೆ, ಮನೆ ಜಾಗದ ಪತ್ರ ಸಂಘಕ್ಕೆ ಬರುತ್ತದೆ. ಬೋಟು ಕೈಕೊಟ್ಟರೆ ಮೂರೂ ಒಟ್ಟಿಗೆ ಹೋಗುತ್ತದೆ.

ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಯಾವ ಸಂತೆಯಿಂದ ಬಂತು, ಗದ್ದೆಯಲ್ಲಿ ದುಡಿದದ್ದೋ ಗಾಡಿ ಎಳೆದದ್ದೋ ಎಂದು ಕೇಳುತ್ತೇವೆ. ಬೋಟಿಗೂ ಹಾಗೇ ಒಂದು ಪೂರ್ವಚರಿತ್ರೆ ಉಂಟು. ಅದು ಯಾವ ಕಾಲದಲ್ಲಿ, ಯಾವ ಕೆಲಸಕ್ಕೆ ಕಟ್ಟಿದ್ದು ಎಂದು ತಿಳಿದರೆ ಈಗ ಎಲ್ಲಿ ಸೋತಿರುತ್ತದೆ ಎಂದು ಅರ್ಧ ತಿಳಿದ ಹಾಗೆ. ಆದ್ದರಿಂದ ಮೊದಲು ಚರಿತ್ರೆ ಹೇಳುತ್ತೇನೆ.

ಎಂಜಿನ್ ದೋಣಿಯಲ್ಲಿ ಎರಡು ಬಗೆ. ದೋಣಿಯ ಹಿಂಬದಿಗೆ ತೂಗುಹಾಕಿ, ಬೇಡವಾದಾಗ ಕಳಚಿ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದಾದದ್ದು ಔಟ್‌ಬೋರ್ಡ್. ನಮ್ಮ ನಾಡದೋಣಿಗಳಿಗೆ ಇರುವುದು ಅದು. ಹೊಟ್ಟೆಯೊಳಗೆ ಎಂಜಿನ್ ಕೂರಿಸಿ, ಶಾಫ್ಟನ್ನು ಅಡಿಯಿಂದ ಹೊರಕ್ಕೆ ತೂರಿಸಿ, ತುದಿಗೆ ಫ್ಯಾನ್ ಕಟ್ಟಿದ್ದು ಇನ್‌ಬೋರ್ಡ್, ಅಂದರೆ ಒಳ ಎಂಜಿನ್. ಬಂದರಿನಲ್ಲಿ ಬೋಟು ಅಂತ ಹೇಳಿದರೆ ಇದೇ. ಚರಿತ್ರೆಯಲ್ಲಿ ಮೊದಲು ಬಂದದ್ದೂ ಒಳ ಎಂಜಿನ್ನೇ. ಜರ್ಮನಿಯ ಗಾಟ್ಲೀಬ್ ಡೈಮ್ಲರ್, ವಿಲ್ಹೆಲ್ಮ್ ಮೇಬ್ಯಾಕ್ ಎಂಬ ಇಬ್ಬರು 1886ರಲ್ಲಿ ನೆಕ್ಕರ್ ನದಿಯಲ್ಲಿ ಪೆಟ್ರೋಲ್ ಎಂಜಿನ್ನಿನ ದೋಣಿ ಓಡಿಸಿದರು. ಪೆಟ್ರೋಲ್ ಅಂದರೆ ಜನರಿಗೆ ಆಗ ಭಯ, ಎಲ್ಲಿ ಸಿಡಿಯುತ್ತದೋ ಎಂದು. ಅದಕ್ಕೆ ಡೈಮ್ಲರ್ ದೋಣಿಯ ಸುತ್ತ ಪಿಂಗಾಣಿ ಬಿಲ್ಲೆ, ತಂತಿ ಎಲ್ಲ ಕಟ್ಟಿ, ಇದು ಕರೆಂಟಿನಲ್ಲಿ ಓಡುವುದು ಎಂದು ನಂಬಿಸಿದ ಅಂತ ಹೇಳುತ್ತಾರೆ. ನೋಡಿ, ಬೋಟಿನ ಒಳಗಿರುವುದನ್ನು ಮರೆಮಾಡಿ ತೋರಿಸುವ ವಿದ್ಯೆ ಮೊದಲ ದಿನದಿಂದಲೇ ಇತ್ತು!

ಮುಂದೆ ರುಡಾಲ್ಫ್ ಡೀಸೆಲ್‌ನ ಎಂಜಿನ್ 1897ರಲ್ಲಿ ಸಾಧಿಸಿತು. 1903ರ ಹೊತ್ತಿಗೆ ಅದು ನೀರಿಗೂ ಇಳಿಯಿತು. ಬೆಂಕಿಯ ಭಯ ಕಡಿಮೆ, ಎಣ್ಣೆ ಖರ್ಚು ಕಡಿಮೆ, ನಿಧಾನದಲ್ಲಿ ಹೆಚ್ಚು ಎಳೆಯುವ ಶಕ್ತಿ. ದುಡಿಯುವ ಬೋಟಿಗೆ ಇದೇ ಸರಿ ಎಂದಾಯಿತು. ಔಟ್‌ಬೋರ್ಡನ್ನು 1909ರಲ್ಲಿ ವ್ಯಾಪಾರಕ್ಕೆ ತಂದು ಹೆಸರು ಮಾಡಿದವನು ಅಮೆರಿಕದ ಓಲ್ ಎವಿನ್‌ರೂಡ್. ಅವನು ಹುಟ್ಟಿದ್ದು ನಾರ್ವೆ ದೇಶದಲ್ಲಿ. ನಾರ್ವೆಯ ಹೆಸರು ನಮ್ಮ ಕರಾವಳಿಯ ಕತೆಯಲ್ಲಿ ಮತ್ತೆ ಬರುತ್ತದೆ.

ಆ ಕಾಲದಲ್ಲಿ ನಮ್ಮಲ್ಲಿ ಹುಟ್ಟು, ಹಾಯಿ ಅಷ್ಟೇ. ರಂಪಣಿ ಬಲೆ ಎಳೆಯಲಿಕ್ಕೆ ನೂರರ ಹತ್ತಿರ ಜನ ಬೇಕು. ದೋಣಿಯಲ್ಲಿ ಬಲೆ ಸುತ್ತು ಹಾಕಿ ಬಂದು ದಡದಿಂದ ಎರಡು ಕಡೆ ಎಳೆಯುವುದು. ಬಂಗುಡೆ, ಬೂತಾಯಿ ರಾಶಿ ಬಿದ್ದರೆ ತಿಂದು ಮಾರಿ ಉಳಿದದ್ದು ತೆಂಗಿನ ಬುಡಕ್ಕೆ. ನಮ್ಮ ಹಿರಿಯರ ತೋಟಗಳು ಮೀನು ಗೊಬ್ಬರ ತಿಂದು ಬೆಳೆದವು. ಹಾಗಾಗಿ ಕಡಲಿನ ವಿಷಯ ಕೃಷಿಕನಿಗೆ ಯಾಕೆ ಅಂತ ಯಾರೂ ಕೇಳಬಾರದು. ದೋಣಿಗಳು ಮಾವಿನಂಥ ಮರ ತೋಡಿ ಮಾಡಿದವು, ಇಲ್ಲವೇ ಹಲಗೆ ಹೊಲಿದು ಕಟ್ಟಿದವು. ಮೀನೆಣ್ಣೆ, ಗೇರು ಸಿಪ್ಪೆಯ ಎಣ್ಣೆ ಸವರಿ ವರ್ಷ ವರ್ಷ ಕಾಪಾಡುತ್ತಿದ್ದರು.

1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಕರಾವಳಿ ಎರಡು ಆಡಳಿತದಲ್ಲಿತ್ತು. ಉತ್ತರ ಕನ್ನಡ ಬೊಂಬಾಯಿಗೆ, ದಕ್ಷಿಣ ಕನ್ನಡ ಮದರಾಸಿಗೆ. ಎಂಜಿನ್ ಬಂದ ದಾರಿಯೂ ಎರಡು. ಬೊಂಬಾಯಿ, ಗುಜರಾತಿನ ಕಡೆ ಹಾಯಿದೋಣಿಗಳೇ ದೊಡ್ಡವು, ಅಗಲ ಹೊಟ್ಟೆಯವು. ಇದ್ದ ದೋಣಿಗೇ ಎಂಜಿನ್ ಕೂರಿಸಿದರೂ ತಡೆದವು. ತೆಂಕಣ ತೋಡುದೋಣಿಗಳಿಗೆ ಅದು ಆಗಲಿಲ್ಲ. ಎಂಜಿನ್ನಿನ ಭಾರ, ನಡುಕ ಎರಡನ್ನೂ ತಡೆಯುವ ಎಲುಬು ಅವಕ್ಕೆ ಇರಲಿಲ್ಲ.

ಇದು ಸ್ಪಷ್ಟವಾದದ್ದು ಕೇರಳದಲ್ಲಿ. ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ 1952ರ ಅಕ್ಟೋಬರಿನಲ್ಲಿ ಒಪ್ಪಂದ ಮಾಡಿಕೊಂಡು, 1953ರಲ್ಲಿ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರು ಮಾಡಿದರು. ಊರಿನ ದೋಣಿಗಳಿಗೇ ಎಂಜಿನ್ ಹಾಕುವ ಅಂತ ಮೊದಲ ಆಲೋಚನೆ. ಅದು ಸರಿ ಹೋಗಲಿಲ್ಲ. ಆಮೇಲೆ 22 ಅಡಿ, 25 ಅಡಿ, ಮುಂದೆ 32 ಅಡಿಯ ಹೊಸ ಮಾದರಿಯ ಬೋಟುಗಳನ್ನೇ ಕಟ್ಟಿದರು. ಈಗ ನಾವು ಬೋಟು ಅಂತ ಕರೆಯುವ ಆಕಾರ ಹುಟ್ಟಿದ್ದು ಇಂಥ ಕೆಲಸಗಳಿಂದ. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಆಯಿತು. ಅವರೂ ಮರದ ಬೋಟಿನ ನಕ್ಷೆ, ಮರದ ರಕ್ಷಣೆ ಇದರ ಮೇಲೆ ತುಂಬ ಕೆಲಸ ಮಾಡಿದರು. 1960ರ ದಶಕದಲ್ಲಿ ನಾರ್ವೆ ಯೋಜನೆ ನಮ್ಮ ಕಾರವಾರಕ್ಕೂ ಬಂತು.

ಬರೀ ಯೋಜನೆಯಿಂದ ಇಷ್ಟು ಬೋಟು ಆಗುತ್ತಿರಲಿಲ್ಲ. ಬೋಟಿಗೆ ನಿಜವಾದ ಎಂಜಿನ್ ಸಿಗಡಿ! ಶೀತಲೀಕರಿಸಿದ ಸಿಗಡಿ ಕೊಚ್ಚಿಯಿಂದ ಅಮೆರಿಕಕ್ಕೆ ಮೊದಲು ಹೋದದ್ದು 1953ರಲ್ಲಿ. ತಳ ಬಾಚುವ ಟ್ರಾಲ್ ಬಲೆ ಎಳೆಯಲಿಕ್ಕೆ ಒಳ ಎಂಜಿನ್ನೇ ಆಗಬೇಕು, ಹುಟ್ಟು ಹಾಕಿ ಆಗುವುದಲ್ಲ. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದರು. 4 ರೂಪಾಯಿ 76 ಪೈಸೆ ಇದ್ದ ಡಾಲರ್ 7 ರೂಪಾಯಿ 50 ಪೈಸೆ ಆಯಿತು. ಅಕ್ಕಿ ಗೊಬ್ಬರ ಕೊಳ್ಳುವವನಿಗೆ ಅದು ಕಷ್ಟ, ಸಿಗಡಿ ಮಾರುವವನಿಗೆ ಲಾಭ. ಬೋಟು ಕಟ್ಟುವ ಆಚಾರಿಗಳಿಗೆ ಪುರುಸೊತ್ತಿಲ್ಲ ಅಂತಾಯಿತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು. ಬಂಗುಡೆ, ಬೂತಾಯಿಯ ಹಿಂಡು ದಡಕ್ಕೆ ಬರುವ ಮೊದಲೇ ಬೋಟಿನವರು ಸುತ್ತು ಹಾಕಿ ಎತ್ತಿದರು. ರಂಪಣಿಯವರಿಗೂ ಅವರಿಗೂ ಜಗಳಗಳಾದವು, ಕೊನೆಗೆ ರಂಪಣಿಯೇ ಮೂಲೆ ಸೇರಿತು. ಇದರ ಸರಿ ತಪ್ಪು ಬೇರೆ ವಿಷಯ, ಅದಕ್ಕೆ ಇನ್ನೊಂದು ಲೇಖನ ಬೇಕು. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರಲ್ಲಿ ಬಂತು.

ಬೋಟು ಕೊಳ್ಳುವವನು ಗಮನಿಸಬೇಕಾದ ಬದಲಾವಣೆ ಆಮೇಲಿನದ್ದು. ಮೊದಲಿನ ಬೋಟುಗಳು ಬೆಳಿಗ್ಗೆ ಹೋಗಿ ಸಂಜೆ ಬರುವವು. ಐಸ್ ಹೆಚ್ಚು ಬೇಡ, ಅಕ್ಕಿ ಬೇಡ, ಎಂಜಿನ್ ಸಣ್ಣದು. 1980ರ ದಶಕದಿಂದ ನಾಲ್ಕು ದಿನ, ವಾರ, ಹತ್ತು ದಿನ ಕಡಲಲ್ಲೇ ಇರುವ ಪದ್ಧತಿ ಬೆಳೆಯಿತು. ದಡದ ಹತ್ತಿರ ಮೀನು ಕಡಿಮೆಯಾದ ಹಾಗೆ ದೂರ ಹೋಗಬೇಕು, ದೂರ ಹೋಗಬೇಕಾದರೆ ಐಸ್ ತುಂಬಬೇಕು, ಡೀಸೆಲ್ ತುಂಬಬೇಕು, ದೊಡ್ಡ ಎಂಜಿನ್ ಬೇಕು. ಲೇಲ್ಯಾಂಡಿನ ನೂರರ ಆಸುಪಾಸಿನ ಕುದುರೆ ಶಕ್ತಿಯೇ ದೊಡ್ಡದು ಎಂದಿದ್ದ ಬಂದರಿಗೆ ಅದರ ಮೂರು ಪಾಲು, ನಾಲ್ಕು ಪಾಲು ಶಕ್ತಿಯ ಚೀನಾ ಎಂಜಿನ್‌ಗಳು ಬಂದವು. ಹಲವು ಕಡೆ ಬೋಟು ಹಳೆಯದೇ, ಎಂಜಿನ್ ಮಾತ್ರ ಹೊಸದು. ಈಗ ಸ್ಟೀಲ್ ಬೋಟು ಮಾಡಿಸಿಕೊಂಡವರು ಮಾರುವ ಮರದ ಬೋಟುಗಳಲ್ಲಿ ಇಂಥವು ಸಾಕಷ್ಟಿವೆ.

ಹಳೇ ಎತ್ತಿನಗಾಡಿಗೆ ಟ್ರ್ಯಾಕ್ಟರ್ ಕಟ್ಟಿದರೆ ಏನಾಗುತ್ತದೆ? ಗಾಡಿ ಓಡುತ್ತದೆ, ಖಂಡಿತ ಓಡುತ್ತದೆ. ಕೀಲುಗಳು ಸಡಿಲಾಗುತ್ತವೆ. ಬೋಟು ನೋಡಲು ಹೋದವನು "ಎಂಜಿನ್ ಹೊಸದು" ಎಂದು ಕೇಳಿದ ಕೂಡಲೇ ಖುಷಿಪಡದೆ, ಈ ಮೈ ಯಾವ ಎಂಜಿನ್ನಿಗೆ ಕಟ್ಟಿದ್ದು ಎಂದು ಕೇಳಬೇಕು. ಎಂಜಿನ್ ಕೂತ ದಪ್ಪ ಮರದ ಬೋಲ್ಟುಗಳ ಸುತ್ತ ಬಿರುಕು ಉಂಟೋ, ತೂತು ಅಗಲವಾಗಿ ಉಂಟೋ, ಒಂದೇ ಜಾಗದಲ್ಲಿ ಎರಡೆರಡು ಸಲ ತೂತು ಹೊಡೆದಿದ್ದಾರೋ ಎಂದು ಟಾರ್ಚ್ ಹಾಕಿ ನೋಡಬೇಕು. ಎಷ್ಟು ಸಲ ಎಂಜಿನ್ ಬದಲಾಗಿದೆ ಎಂದು ಮಾಲಿಕ ಹೇಳದಿದ್ದರೂ ಆ ಮರ ಹೇಳುತ್ತದೆ.

ಮರದ ವಿಷಯದಲ್ಲಿ ನನಗೇ ಆಶ್ಚರ್ಯವಾದ ಸಂಗತಿ ಒಂದುಂಟು. ಬೋಟು ಉಪ್ಪುನೀರಿಗೆ ಕುಂಬಾಗುವುದು ಅಂತ ನಾವು ಗದ್ದೆಯವರು ತಿಳಿದಿರುತ್ತೇವೆ. ಅದು ತಿರುಗಾಮುರುಗಾ. ಉಪ್ಪು ಮರವನ್ನು ಕಾಯುತ್ತದೆ, ಕುಂಬು ಹಿಡಿಸುವುದು ಸಿಹಿನೀರು. ಡೆಕ್ಕಿನ ಸಂದಿನಿಂದ ಇಳಿದ ಮಳೆನೀರು, ಗಾಳಿ ಆಡದ ಮೂಲೆ, ಇವೇ ಕುಂಬಿನ ತವರು. ಇನ್ನೊಂದು ಐಸ್ ಇಡುವ ಉಗ್ರಾಣ. ಐಸ್ ಕರಗಿದರೆ ಸಿಹಿನೀರೇ ಅಲ್ಲವೇ? ದಿನದ ಬೋಟನ್ನು ವಾರದ ಬೋಟು ಮಾಡಿ ಐಸ್ ತುಂಬಿಸಿದ್ದರೆ, ಉಗ್ರಾಣದ ಒಳಗೋಡೆಯ ಹಿಂದಿರುವ ಫ್ರೇಮುಗಳನ್ನು ಮೊದಲು ಪರೀಕ್ಷಿಸಬೇಕು. ಹೊರಗಿನ ಹಲಗೆ ಕಬ್ಬಿಣದ ಹಾಗೆ ಇದ್ದರೂ ಒಳಗಿನ ಫ್ರೇಮು ಪುಡಿಯಾಗಿರಬಹುದು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಒಳ್ಳೆಯ ಮರ ಟಣ್ ಅನ್ನುತ್ತದೆ, ಕುಂಬು ಮರ ಬೊದ್ ಅನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಇದು ಕಷ್ಟವಲ್ಲ. ಅನುಮಾನ ಬಂದಲ್ಲಿ ಮೊಳೆ ಚುಚ್ಚಿ ನೋಡಬೇಕು. ಚುಚ್ಚಲಿಕ್ಕೆ ಬಿಡದ ಮಾಲಿಕನ ಬೋಟು ಬೇಡ.

ನೀರಿನ ಕೆಳಗಿನ ಶತ್ರು ಬೇರೆ. ಮರ ಕೊರೆಯುವ ಹುಳ. ಹುಳ ಅಂತ ನಾವು ಹೇಳುವುದು, ನಿಜಕ್ಕೂ ಅದು ಮರುವಾಯಿಯ ನೆಂಟ, ಚಿಪ್ಪಿನ ಜಾತಿ. ಮರಿ ಇರುವಾಗ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಹೋಗುತ್ತದೆ, ಒಳಗೇ ದಪ್ಪವಾಗಿ ಸುರಂಗ ಕೊರೆಯುತ್ತದೆ. ಹೊರಗಿನಿಂದ ಕಾಣುವುದು ಸೂಜಿ ತೂತು ಮಾತ್ರ. ಉಪ್ಪು ತೀರ ಕಡಿಮೆಯಾದ ನೀರಲ್ಲಿ ಅದು ಹೆಚ್ಚು ಕಾಲ ಬದುಕುವುದಿಲ್ಲ. ಮಳೆಗಾಲದಲ್ಲಿ ದೋಣಿಯನ್ನು ಹೊಳೆಯೊಳಗೆ ತಂದು ಕಟ್ಟುವುದರಲ್ಲಿ ಈ ಲಾಭವೂ ಉಂಟು. ಕೀಲ್, ಅಂದರೆ ಅಡಿಯ ಬೆನ್ನುಮರ, ಅದರ ಪಕ್ಕದ ಮೊದಲ ಹಲಗೆ, ಚುಕ್ಕಾಣಿಯ ಮರ, ಇಲ್ಲೇ ಬಣ್ಣ ಸರಿಯಾಗಿ ತಾಗುವುದಿಲ್ಲ, ಹುಳ ಹಿಡಿಯುವುದೂ ಇಲ್ಲೇ. ಹೆಬ್ಬಲಸು, ಸಾಗುವಾನಿಯಂಥ ಮರದಲ್ಲಿ ಕಟ್ಟಿದ್ದಾದರೆ ಸ್ವಲ್ಪ ಧೈರ್ಯ. ರಿಪೇರಿಗೆ ಯಾವ ಮರ ಹಾಕಿದ್ದಾರೆ ಎಂದೂ ಕೇಳಿ.

ಮರಕ್ಕೆ ಹೊರಗಿನಿಂದ ಫೈಬರ್ ಹೊದೆಸುವುದು ಈಗ ಸಾಮಾನ್ಯ. ಒಣಗಿದ ಒಳ್ಳೆಯ ಮರಕ್ಕೆ ಹೊದೆಸಿದರೆ ಹುಳದಿಂದ ರಕ್ಷಣೆ. ಹಸಿ ಮರಕ್ಕೆ, ಕುಂಬು ಹಿಡಿದ ಮರಕ್ಕೆ ಹೊದೆಸಿದರೆ ಹುಣ್ಣಿನ ಮೇಲೆ ಪ್ಲಾಸ್ಟರ್ ಹಾಕಿದ ಹಾಗೆ, ಒಳಗೆ ಕೊಳೆಯುತ್ತಲೇ ಇರುತ್ತದೆ. ಸದಸ್ಯರೊಬ್ಬರು ನೋಡಿಟ್ಟ ಬೋಟಿಗೆ ನಾವು ಒಬ್ಬ ಹಿರಿಯ ಆಚಾರಿಯನ್ನು ಕರೆದುಕೊಂಡು ಹೋಗಿದ್ದೆವು. ಹೊರಗೆ ಕನ್ನಡಿಯ ಹಾಗೆ ನೀಲಿ ಬಣ್ಣ. ಆಚಾರಿ ಹೊರಗೆ ನೋಡಲೇ ಇಲ್ಲ. ಸೀದಾ ಒಳಗಿಳಿದು, ಹಲಗೆ ಎತ್ತಿ, ಅಡಿಯ ನೀರಿಗೆ ಕೈ ಹಾಕಿ ಮೂಸಿದರು. ಕೈಗೆ ಬಂದದ್ದು ನೀರಲ್ಲ, ಕಾಫಿ ಗಷ್ಟಿನಂಥ ಮರದ ಪುಡಿ. "ಫೈಬರ್ ಉಂಟು, ಬೋಟು ಇಲ್ಲ" ಎಂದರು. ಆ ಸದಸ್ಯರು ಆಗ ನನ್ನ ಹತ್ತಿರ ಒಂದು ವಾರ ಮಾತಾಡಲಿಲ್ಲ. ಈಗ ಮಾತಾಡುತ್ತಾರೆ.

ಲೋಹದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಂಚಿನ ಫ್ಯಾನ್, ಉಕ್ಕಿನ ಶಾಫ್ಟ್, ಕಬ್ಬಿಣದ ಮೊಳೆ ಇವೆಲ್ಲ ಉಪ್ಪುನೀರಲ್ಲಿ ಒಟ್ಟಿಗಿದ್ದರೆ ಬ್ಯಾಟರಿಯ ಹಾಗೆ ಕೆಲಸ ಮಾಡಿ ಒಂದನ್ನೊಂದು ತಿನ್ನುತ್ತವೆ. ಅದಕ್ಕೆ ಸತುವಿನ ತುಂಡು ಕಟ್ಟುತ್ತಾರೆ, ಬೇರೆಯವುಗಳ ಬದಲು ಅದು ಸವೆಯಲಿ ಎಂದು. ಸತು ಸವೆದಿದ್ದರೆ ಒಳ್ಳೆಯದು, ಕೆಲಸ ಮಾಡಿದೆ ಎಂದರ್ಥ. ಸತುವೇ ಇಲ್ಲದಿದ್ದರೆ ಬೇರೆ ಏನೋ ಸವೆದಿದೆ. ಹಲಗೆಯ ಮೇಲೆ ಮೊಳೆಯಿಂದ ಕಪ್ಪು ಕಣ್ಣೀರಿನಂಥ ಗೆರೆ ಇಳಿದಿದ್ದರೆ ಆ ಮೊಳೆಯ ಕತೆ ಮುಗಿದಿದೆ.

ಎಂಜಿನ್ ನಮ್ಮ ಕೃಷಿಕರಿಗೂ ಗೊತ್ತಿರುವ ವಿಷಯ, ಡೀಸೆಲ್ ಪಂಪ್‌ಸೆಟ್ ಬಿಚ್ಚದ ಮನೆ ಯಾವುದು? ಕಪ್ಪು ಹೊಗೆ ಬಂದರೆ ಡೀಸೆಲ್ ಸರಿ ಉರಿಯುತ್ತಿಲ್ಲ, ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಪಂಪ್‌ಸೆಟ್ಟಿಗೂ ಬೋಟಿನ ಎಂಜಿನ್ನಿಗೂ ವ್ಯತ್ಯಾಸ ಒಂದೇ, ಇದನ್ನು ತಣಿಸುವುದು ಉಪ್ಪುನೀರು. ನೇರವಾಗಿ ಉಪ್ಪುನೀರು ಹರಿಸಿದ ಎಂಜಿನ್ ಒಳಗೊಳಗೇ ತುಕ್ಕು ತಿನ್ನುತ್ತದೆ. ಒಳಗೆ ಸಿಹಿನೀರು ಸುತ್ತಿಸಿ, ಅದನ್ನು ಹೊರಗಿನ ಉಪ್ಪುನೀರಿನಿಂದ ತಣಿಸುವ ಹೀಟ್ ಎಕ್ಸ್‌ಚೇಂಜರ್ ಇದ್ದರೆ ಬಾಳಿಕೆ ಹೆಚ್ಚು. ನೋಡಲು ಹೋಗುವ ದಿನ ಮಾಲಿಕನಿಗೆ ಮೊದಲೇ ಹೇಳಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಬಿಸಿ ಎಂಜಿನ್ ಎಲ್ಲವೂ ಒಳ್ಳೆಯದೇ, ಗುಣ ಗೊತ್ತಾಗುವುದು ತಣ್ಣಗಿದ್ದಾಗ. ಹೋಗಿ ಮುಟ್ಟಿ ನೋಡಿ, ಬಿಸಿ ಇದ್ದರೆ ಚಹಾ ಕುಡಿದು ವಾಪಸು ಬನ್ನಿ, ಇನ್ನೊಂದು ದಿನ ಹೋಗಿ.

ಶಾಫ್ಟ್ ಹೊರಗೆ ಹೋಗುವ ಜಾಗದಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿ ಹೊಸಬರು ಹೆದರುತ್ತಾರೆ. ಹಗ್ಗದಂಥ ಪ್ಯಾಕಿಂಗ್ ಹಾಕಿದ ಹಳೇ ಪದ್ಧತಿಯಲ್ಲಿ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬೀಳಲೇಬೇಕು. ಆ ನೀರೇ ಅದಕ್ಕೆ ತಂಪು. ಒಂದು ಹನಿಯೂ ಬೀಳದ ಹಾಗೆ ಬಿಗಿದು ತೋರಿಸಿದರೆ ಶಾಫ್ಟ್ ಸವೆಯುತ್ತದೆ. ಧಾರೆಯಾಗಿ ಸುರಿದರೆ ಮಾತ್ರ ದೋಷ.

ಇನ್ನು ಕಾಗದ ಪತ್ರ. 2008ರ ನವೆಂಬರ್ 26ರಂದು ಮುಂಬಯಿ ಮೇಲೆ ದಾಳಿ ಮಾಡಿದವರು ಗುಜರಾತಿನ ಕುಬೇರ್ ಎಂಬ ಮೀನು ಬೋಟನ್ನು ವಶಮಾಡಿಕೊಂಡು ಬಂದದ್ದು ಎಲ್ಲರಿಗೂ ಗೊತ್ತು. ಆಮೇಲೆ ಬೋಟಿನ ನೋಂದಣಿ, ಮೀನುಗಾರರ ಗುರುತಿನ ಚೀಟಿ ಎಲ್ಲ ಬಿಗಿಯಾಯಿತು. ಮೊದಲು ಬಾಯಿಮಾತಿನಲ್ಲಿ, ಒಂದು ಛಾಪಾ ಕಾಗದದಲ್ಲಿ ಕೈ ಬದಲಾಗುತ್ತಿದ್ದ ಬೋಟು ಈಗ ಹಾಗೆ ಆಗುವುದಿಲ್ಲ. ಮೈಮೇಲೆ ಬರೆದ ನೋಂದಣಿ ಸಂಖ್ಯೆಯೂ ಪುಸ್ತಕದಲ್ಲಿರುವುದೂ ಒಂದೇ ಆಗಿರಬೇಕು. ಎಂಜಿನ್ ಬದಲಾಯಿಸಿದ್ದರೆ ಹೊಸ ಎಂಜಿನ್ನಿನ ನಂಬರ್, ಕುದುರೆ ಶಕ್ತಿ ದಾಖಲೆಯಲ್ಲಿ ಏರಿರಬೇಕು. ಮೀನುಗಾರಿಕೆ ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು, ಇಲ್ಲವಾದರೆ ರಿಯಾಯಿತಿ ಡೀಸೆಲ್ ಸಿಗುವುದಿಲ್ಲ. ಈ ಡೀಸೆಲ್ ಇಲ್ಲದೆ ಬೋಟು ನಡೆಸಿ ಲಾಭ ಮಾಡಿದವರನ್ನು ನಾನು ಕಂಡಿಲ್ಲ. ಬೋಟಿನ ಮೇಲೆ ಬೇರೆ ಬ್ಯಾಂಕಿನ ಅಥವಾ ಸಂಘದ ಸಾಲ ಉಂಟೋ ಎಂದು ಮಾಲಿಕನನ್ನಲ್ಲ, ಬ್ಯಾಂಕನ್ನು ಕೇಳಿ ಬರವಣಿಗೆಯಲ್ಲಿ ತರಬೇಕು. ವಿಮೆ ಹಳೆಯವರ ಹೆಸರಿನಲ್ಲೇ ಉಳಿದರೆ ಅವಘಡವಾದ ದಿನ ಕಂಪನಿಯವರು ಕೈ ಚೆಲ್ಲುತ್ತಾರೆ.

ಅರ್ಜಿದಾರರಿಗೆ ನಾವು ಈಗ ಹೇಳುವುದು ಇಷ್ಟು. ಬೋಟಿನ ಬೆಲೆಯ ಲೆಕ್ಕದಲ್ಲಿ ರಿಪೇರಿಯನ್ನೂ ಸೇರಿಸಿ ತನ್ನಿ. ಕಡಿಮೆಗೆ ಸಿಕ್ಕಿತು ಎಂದು ಇದ್ದ ಹಣವನ್ನೆಲ್ಲ ಮಾಲಿಕನಿಗೆ ಸುರಿದು, ಮೊದಲ ಸಮುದ್ರಕ್ಕೆ ಬಲೆಗೂ ಡೀಸೆಲಿಗೂ ಬಡ್ಡಿಯವರ ಬಾಗಿಲಿಗೆ ಹೋದರೆ, ಬೋಟು ಎಷ್ಟು ಒಳ್ಳೆಯದಿದ್ದರೂ ಮೀನು ಬಡ್ಡಿಯವನದ್ದೇ. ಆಚಾರಿಯ ಖರ್ಚು, ಮೆಕ್ಯಾನಿಕನ ಖರ್ಚು ಉಳಿಸಲು ಹೋಗಬೇಡಿ. ಆ ಮೆಕ್ಯಾನಿಕ್ ಮಾರುವವನ ಕಡೆಯವನಾಗಿರಬಾರದು. ಬೋಟನ್ನು ನೀರಲ್ಲಿ ತೇಲುತ್ತಿರುವಾಗ ಮಾತ್ರ ನೋಡಿ ಮುಂಗಡ ಕೊಟ್ಟವರ ಅರ್ಜಿಯನ್ನು ನಾವು ಮುಂದೂಡುತ್ತೇವೆ, ಬೇಸರ ಮಾಡಬಾರದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಮೇ ಕೊನೆಗೇ ಕೆಲವು ಬೋಟುಗಳು ಮೇಲೆ ಬರುತ್ತವೆ. ಮಳೆ ಹಿಡಿಯುವ ಮೊದಲು ನಾಲ್ಕು ದಿನ ಬಿಸಿಲಿಗೆ ನಿಂತ ಬೋಟಿನ ಹಲಗೆ ಒಣಗಿ, ಸಂದುಗಳು ಬಾಯಿ ಬಿಟ್ಟು, ತುಂಬಿದ ಹತ್ತಿ ಹೊರಗೆ ಕಾಣುತ್ತದೆ. ಬಣ್ಣ ಬಳಿಯುವವರು ಬರುವುದು ಜುಲೈಯಲ್ಲಿ. ನೋಡುವವರು ಬಣ್ಣದವರಿಗಿಂತ ಮೊದಲು ಹೋಗಬೇಕು. ಆಚಾರಿ ಬೇಕಾದವರು ಸಂಘದ ಕಚೇರಿಯಲ್ಲಿ ಕೇಳಿದರೆ ವ್ಯವಸ್ಥೆ ಮಾಡಿಸುತ್ತೇವೆ.